ಹಳೆಯ ಪಾಯಿಂಟ್ 22 ರೈಫಲನ್ನು ಕೊಳ್ಳುವವರು ತಿಳಿಯತಕ್ಕ ವಿಷಯಗಳು

ಜಿಗಣಿಯ ಸುತ್ತಿನ ಹೊಲಗಳಲ್ಲಿ ರಾಗಿಯೂ ಅವರೆಯೂ ಫಲಕ್ಕೆ ಬರುವ ಕಾಲದಲ್ಲಿ ಮೊಲ, ಹಂದಿಗಳ ಕಾಟವುಂಟೆಂಬುದು ಹಿಡುವಳಿದಾರರಿಗೆ ತಿಳಿದ ವಿಷಯ. ಇದರ ನಿವಾರಣೆಗೆಂದು ಹಳೆಯ ಪಾಯಿಂಟ್ 22 ಬೋಲ್ಟ್ ರೈಫಲನ್ನು ಅಗ್ಗವಾಗಿ ಕೊಳ್ಳಲು ಮನಸ್ಸು ಮಾಡುವವರು ಹಣ ಕೊಡುವ ಮುನ್ನ ಕೆಳಗಿನ ಸಂಗತಿಗಳನ್ನು ಪರ್ಯಾಲೋಚಿಸತಕ್ಕದ್ದು.

1. ಗುಣಾವಗುಣ. ಇದರ ತೋಟಾದಲ್ಲಿ ಕಿಡಿಮದ್ದು ತಳದ ಅಂಚಿನೊಳಗೆ ಇರುತ್ತದೆ. ಇಂದಿಗೂ ರೂಢಿಯಲ್ಲಿರುವ ಲಾಂಗ್ ರೈಫಲ್ ತೋಟಾ 1887ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಗುಂಡಿನ ತೂಕ ಸಾಧಾರಣವಾಗಿ 40 ಗ್ರೇನು, ಅಂದರೆ ಸುಮಾರು 2.6 ಗ್ರಾಮು. ಮೊಲದಂತಹ ಸಣ್ಣ ಪ್ರಾಣಿಗೆ ಇದು ಸಾಕು. ಹಂದಿಯನ್ನಾದರೋ ಗಾಯಪಡಿಸಿ ಕೆರಳಿಸುವುದೇ ಹೆಚ್ಚು. ಗುಂಡು ಚಿಕ್ಕದೆಂದು ಅಲಕ್ಷ್ಯ ಸಲ್ಲದು. ಅದು ಒಂದು ಮೈಲಿಗೂ ಆಚೆ ಹೋಗಬಲ್ಲದು. ಬಂಡೆಗಾಗಲಿ ಕೆರೆಯ ನೀರಿಗಾಗಲಿ ತಗುಲಿದರೆ ಚಿಮ್ಮಿ ದಿಕ್ಕು ಬದಲಿಸುವುದು. ಹೊಲದ ಪಕ್ಕದಲ್ಲೇ ಮನೆಗಳೂ ಕಾರ್ಖಾನೆಗಳೂ ಇರುವ ಈ ಸೀಮೆಯಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು.

2. ಪರೀಕ್ಷೆ. ಮೊದಲು ಬೋಲ್ಟನ್ನು ತೆರೆದು ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಿಕೊಳ್ಳಬೇಕು. ಬೋಲ್ಟನ್ನು ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದರೆ ಸುರುಳಿಗೆರೆಗಳು ತೀಕ್ಷ್ಣವಾಗಿ ಕಾಣಬೇಕು. ಹಿಂದಿನ ಕಾಲದ ಕಿಡಿಮದ್ದು ತುಕ್ಕು ಹಿಡಿಸುತ್ತಿದ್ದುದರಿಂದ ಹಳೆಯ ನಳಿಗೆಗಳಲ್ಲಿ ಕಪ್ಪು ಗುಳಿಗಳಿರುವುದುಂಟು. ಒಳಗೆ ಉಂಗುರದಂತೆ ಕಪ್ಪು ನೆರಳು ಕಂಡರೆ ನಳಿಗೆ ಉಬ್ಬಿರುವ ಸಂಭವವುಂಟು, ಅಂಥದನ್ನು ಬಿಡಬೇಕು. ತೋಟಾ ಇಲ್ಲದೆ ಪದೇಪದೇ ಕುದುರೆ ಎಳೆದಿದ್ದರೆ ಸೂಜಿಯ ಪೆಟ್ಟಿನಿಂದ ತೋಟಾ ಕೂರುವ ಬಾಯಿಯ ಅಂಚು ಜಜ್ಜಿಹೋಗಿ ತೋಟಾ ಸಿಕ್ಕಿಕೊಳ್ಳುವುದು. ಇವುಗಳನ್ನು ಪರವಾನಗಿ ಪಡೆದ ಬಂದೂಕು ಕೆಲಸಗಾರನಿಗೆ ತೋರಿಸುವುದು ಉತ್ತಮ.

3. ಕಾನೂನು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿಯೇ ಬೇಟೆಗೆ ನಿಬಂಧನೆಗಳಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯಿಂದ ಬೇಟೆಯ ಲೈಸೆನ್ಸುಗಳೂ ನಿಂತುಹೋದವು. ಮೊಲವನ್ನು ಹೊಡೆಯುವುದೂ ಈಗ ಅಪರಾಧ. ನಿಂತ ಬೆಳೆಗೆ ಅಪಾಯಕರವಾದ ಪ್ರಾಣಿಯ ವಿಷಯದಲ್ಲಿಯೂ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಆಜ್ಞೆಯಿಲ್ಲದೆ ಗುಂಡು ಹಾರಿಸಕೂಡದು. 1959ರ ಶಸ್ತ್ರ ಕಾಯಿದೆಯು ಬೆಳೆಕಾವಲಿಗೆ ಹೆಸರಿಸಿರುವುದು ಬಾಯಿಮದ್ದಿನ ಕೋವಿಯನ್ನು. ಅದು ಸಾಲದಿದ್ದರೆ ಸುರುಳಿಗೆರೆಯಿಲ್ಲದ ಬೇರೆ ಕೋವಿಯನ್ನು. ರೈಫಲು ಅದರಲ್ಲಿ ಸೇರಿಲ್ಲ. ಮಾರುವವನು ಜಿಲ್ಲಾ ದಂಡಾಧಿಕಾರಿಗಾಗಲಿ ಹತ್ತಿರದ ಪೊಲೀಸ್ ಠಾಣೆಗಾಗಲಿ ಬರೆದು ತಿಳಿಸಿ 45 ದಿನ ಕಳೆದ ಮೇಲೆಯೇ, ಲೈಸೆನ್ಸುಳ್ಳವನಿಗೆ ಮಾತ್ರ ಕೊಡತಕ್ಕದ್ದು. ಲೈಸೆನ್ಸಿಲ್ಲದೆ ಇಟ್ಟುಕೊಂಡವನಿಗೆ 2019ರ ತಿದ್ದುಪಡಿಯ ಮೇರೆಗೆ ಎರಡರಿಂದ ಐದು ವರ್ಷದ ಸೆರೆವಾಸವೂ ಜುಲ್ಮಾನೆಯೂ ಉಂಟು.

ಆದ್ದರಿಂದ ಈ ರೈಫಲು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನಲ್ಲಿ ಗುರಿ ಅಭ್ಯಾಸಕ್ಕೆ ಯೋಗ್ಯವೇ ಹೊರತು ಹೊಲದ ಕಾವಲಿಗಲ್ಲ. ಬೆಳೆ ಹಾಳಾದವರು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಲಿ. ತಂದೆ ತಾತಂದಿರ ಕಾಲದ ರೈಫಲು ಅಟ್ಟದ ಮೇಲೆ ಲೈಸೆನ್ಸಿಲ್ಲದೆ ಬಿದ್ದಿದ್ದರೆ ವಾರಸುದಾರರು ತಡಮಾಡದೆ ಠಾಣೆಯಲ್ಲಿ ಜಮಾ ಮಾಡಿ ರಶೀದಿ ಪಡೆಯಲಿ. ಗ್ರಾಮದ ಮುಖಂಡರು ಈ ವಿಷಯವನ್ನು ಓದಲಾರದವರಿಗೂ ತಿಳಿಯಹೇಳಬೇಕಾಗಿ ಕೋರಲಾಗಿದೆ.