ಬಿಡಾರದ ಲಾರಿಗೆ ಹಗುರವಾದ ಬಾಡಿ

ನರಸಿಂಹರಾಜಪುರ ತಾಲೂಕಿನ ಕಡಹಿನಬೈಲಿನಂತಹ ಮಲೆನಾಡ ಊರುಗಳಲ್ಲಿ ಪುಟ್ಟ ಪಿಕಪ್ ಲಾರಿಯೆಂದರೆ ಅಡಿಕೆ, ಗೊಬ್ಬರ ಹೊರುವ ಬಂಡಿ. ಅದರ ಬೆನ್ನ ಮೇಲೆ ಪೆಟ್ಟಿಗೆಗಳುಳ್ಳ ಬಾಡಿ ಕಟ್ಟಿಸಿ, ಹೆಂಡತಿ ಮಕ್ಕಳೊಡನೆ ನಾಲ್ಕು ದಿನ ಬಿಡಾರ ಹೂಡಬಯಸುವವರು ಬಣ್ಣಕ್ಕಿಂತ ಮೊದಲು ತೂಕವನ್ನು ವಿಚಾರಿಸಬೇಕು.

ವಾಹನಕ್ಕೆ ನಿಗದಿಯಾದ ಒಟ್ಟು ತೂಕದಲ್ಲಿ ಬಾಡಿಯ ಭಾರವೂ ಸೇರಿದೆ. ಬಾಡಿ 200 ಕಿಲೋ ಹೆಚ್ಚಿದರೆ ಸಾಮಾನಿನ ಪಾಲು ಅಷ್ಟೇ ಕಡಿಮೆಯಾಯಿತು. ನೂರು ಲೀಟರು ನೀರೇ 100 ಕಿಲೋ; ಹಾಸಿಗೆ, ಒಲೆ, ಪಾತ್ರೆಪಡಗ ಇನ್ನೂ ಏರಬೇಕು. ಘಟ್ಟವಿಳಿಯುವಾಗ ಇದೆಲ್ಲವನ್ನೂ ಬ್ರೇಕು ತಡೆಯಬೇಕು.

ಅಲ್ಯೂಮಿನಿಯಂ ಉಕ್ಕಿನ ಸುಮಾರು ಮೂರನೆಯ ಒಂದು ಪಾಲು ತೂಗುತ್ತದೆ. ಯುದ್ಧಾನಂತರ ಉಕ್ಕಿನ ಅಭಾವವಿದ್ದ ಕಾಲದಲ್ಲಿ, 1948ರಲ್ಲಿ ಹೊರಬಂದ ಲ್ಯಾಂಡ್ ರೋವರಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಮೈಯನ್ನೇ ತೊಡಿಸಿದ್ದರು. ಆದರೆ ಅದರ ಬಿಗಿತವೂ ಮೂರರಲ್ಲೊಂದೇ. ತಗಡು ದಪ್ಪವಾಗಲೇಬೇಕು, ಉಳಿತಾಯ ಕಾಗದದ ಮೇಲೆ ಕಂಡಷ್ಟು ದಕ್ಕದು. ಮಲೆನಾಡಿನ ಮಳೆಯದು ಬೇರೆಯೇ ಕಾಟ: ಅಲ್ಯೂಮಿನಿಯಂ ಉಕ್ಕನ್ನು ಮುಟ್ಟಿದೆಡೆ ನೀರು ನಿಂತರೆ ಸವೆಯುವುದು ಅಲ್ಯೂಮಿನಿಯಮ್ಮೇ. ನಡುವೆ ರಬ್ಬರು ಪಟ್ಟಿ, ಬೋಲ್ಟಿಗೆ ನೈಲಾನ್ ವಾಷರು ಹಾಕಿಸಲು ಜಿಪುಣತನ ಸಲ್ಲದು.

ಇಕ್ಕೆಲದ ಪೆಟ್ಟಿಗೆಗಳು ಅಲ್ಯೂಮಿನಿಯಮ್ಮಿನವು, ಚಾಸಿಯ ಮೇಲೆ ಕೂರುವ ಅಡ್ಡಪಟ್ಟಿಗಳು ಉಕ್ಕಿನವು ಆಗಿದ್ದರೆ ಸೈ. ನೀರಿನ ತೊಟ್ಟಿ ತಗ್ಗಿನಲ್ಲಿರಲಿ, ಹಿಂದಿನ ಅಚ್ಚಿಗಿಂತ ಮುಂದಿರಲಿ. ಛಾವಣಿಯ ಮೇಲೆ ಗಂಟುಮೂಟೆ ಪೇರಿಸುವ ಚಪಲವನ್ನು ಘಟ್ಟದ ತಿರುವುಗಳು ಕ್ಷಮಿಸವು.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲಸ್ವರೂಪವನ್ನು ಮನಬಂದಂತೆ ಮಾರ್ಪಡಿಸಗೊಡದು. ಮುಂಗಡ ಕೊಡುವ ಮುನ್ನವೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ಲಾರಿ ಓಡುವಾಗ ಮಕ್ಕಳನ್ನು ಹಿಂದೆ ಕೂರಿಸಲೇಬಾರದು. ಹೊರಡುವ ಮುನ್ನಾದಿನ ನೀರು, ಸಾಮಾನು, ಸಂಸಾರ ಸಮೇತ ಲಾರಿಯನ್ನು ತೂಕದ ಕಾಟಾದ ಮೇಲೆ ನಿಲ್ಲಿಸಿ ನೋಡಬೇಕು.