ಕಪ್ಪುಕುಳಿಗೂ ಗ್ರಹಣ: ಕ್ಷ-ಕಿರಣ ಬಯಲು ಮಾಡಿದ ಅನಿಲದ ಮುಸುಕು

ಸೂರ್ಯನಿಗೆ ಚಂದ್ರ ಅಡ್ಡ ಬಂದರೆ ಗ್ರಹಣ. ಅಂಥದೇ ಒಂದು ಗ್ರಹಣ 2006ರ ಏಪ್ರಿಲ್‌ನಲ್ಲಿ ನಾಸಾದ ಚಂದ್ರಾ ದೂರದರ್ಶಕದ ಕಣ್ಣಿಗೆ ಬಿತ್ತು. (ಈ ಹೆಸರು ಆಕಾಶದ ಚಂದ್ರನದಲ್ಲ, ಖಭೌತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು.) ಮರೆಯಾದದ್ದು ಸುಮಾರು 6 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 1365 ಗೆಲಾಕ್ಸಿಯ ಪ್ರಖರ ಕೇಂದ್ರ, ಅಡ್ಡ ಬಂದದ್ದು ಅನಿಲದ ಮೋಡ.

ಇಂಥ ಗೆಲಾಕ್ಸಿಗಳ ನಡುವೆ ಲಕ್ಷಾಂತರ, ಕೆಲವೆಡೆ ನೂರಾರು ಕೋಟಿ ಸೂರ್ಯರಷ್ಟು ತೂಗುವ ಕಪ್ಪುಕುಳಿ ಇರುತ್ತದೆ. ಅದರೊಳಕ್ಕೆ ಬೀಳುವ ಅನಿಲ ತಟ್ಟೆಯಾಕಾರದಲ್ಲಿ ಸುತ್ತುತ್ತ ಕಾದು ಉಜ್ವಲವಾಗಿ ಬೆಳಗುತ್ತದೆ. ಆದರೆ ಸುತ್ತಲಿನ ದೂಳು, ಅನಿಲಗಳು ಆ ಬೆಳಕನ್ನು ಅನೇಕ ಬಾರಿ ಮುಚ್ಚಿಬಿಡುತ್ತವೆ. ಸಾಮಾನ್ಯ ದೂರದರ್ಶಕಕ್ಕೆ ಆಗ ಕೇಂದ್ರ ಕಾಣುವುದಿಲ್ಲ.

ಕ್ಷ-ಕಿರಣ ನೆರವಿಗೆ ಬರುವುದು ಇಲ್ಲಿಯೇ. ಆಸ್ಪತ್ರೆಯಲ್ಲಿ ಅದು ಮಾಂಸವನ್ನು ದಾಟಿ ಮೂಳೆಯಲ್ಲಿ ತಡೆಯಲ್ಪಡುವಂತೆ, ಅನಿಲದ ಮುಸುಕಿನಲ್ಲಿ ಕಡಿಮೆ ಶಕ್ತಿಯ ಕಿರಣಗಳು ಹೀರಲ್ಪಟ್ಟು, ಹೆಚ್ಚು ಶಕ್ತಿಯವು ಪಾರಾಗುತ್ತವೆ. ಯಾವ ಶಕ್ತಿಯವರೆಗಿನ ಕಿರಣಗಳು ನಾಪತ್ತೆಯಾಗಿವೆ ಎಂದು ನೋಡಿ ನಡುವಿನ ಅನಿಲ ಎಷ್ಟೆಂದು ಲೆಕ್ಕ ಹಾಕಬಹುದು. ಆ ಅನಿಲಕ್ಕೆ ಬಡಿದ ಕಿರಣಗಳಿಂದ ಕಬ್ಬಿಣದ ಪರಮಾಣುಗಳು ಸೂಸುವ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ರೇಖೆ ಇನ್ನೊಂದು ಸಾಕ್ಷಿ.

ಎರಡು ವಾರಗಳಲ್ಲಿ ಚಂದ್ರಾ ಎನ್‌ಜಿಸಿ 1365ನ್ನು ಆರು ಬಾರಿ ವೀಕ್ಷಿಸಿತು. ಐದು ಬಾರಿ ಕೇಂದ್ರದ ಹೆಚ್ಚು ಶಕ್ತಿಯ ಕಿರಣಗಳು ಕಂಡವು. ಎರಡನೆಯ ಸಲ ಮಾತ್ರ ಇಲ್ಲ. ದಿನಗಳ ಅಂತರದಲ್ಲಿ ಮುಚ್ಚಿ ತೆರೆಯಿತೆಂದರೆ ಹಿಂದಿನ ಜ್ಯೋತಿಮೂಲ ಬಹಳ ಚಿಕ್ಕದಿರಬೇಕು. ಗೈಡೊ ರಿಸಾಲಿಟಿ ಮತ್ತು ಸಂಗಡಿಗರು ಬಿಸಿ ತಟ್ಟೆಯ ವಿಸ್ತಾರ ಸೂರ್ಯ-ಭೂಮಿಯ ಅಂತರದ ಸುಮಾರು ಏಳು ಪಟ್ಟು ಮಾತ್ರ ಎಂದು 2007ರಲ್ಲಿ ತಿಳಿಸಿದರು. ಚಿತ್ರ ತೆಗೆದು ಅಳೆಯಲಾಗದ್ದನ್ನು ನೆರಳು ಅಳೆದುಕೊಟ್ಟಿತು!

ಇದರಿಂದ ಹಳೆಯ ಕಲ್ಪನೆಯೊಂದನ್ನೂ ತಿದ್ದಬೇಕಾಯಿತು. ಕಪ್ಪುಕುಳಿಯ ಸುತ್ತ ಉದ್ದಿನವಡೆಯಂಥ ಗಟ್ಟಿ ಉಂಗುರವಿದೆ, ಪಕ್ಕದಿಂದ ನೋಡಿದವರಿಗೆ ಕೇಂದ್ರ ಕಾಣದು ಎಂದು ಭಾವಿಸಲಾಗಿತ್ತು. 1985ರಲ್ಲಿ ಆಂಟೊನುಚಿ ಮತ್ತು ಮಿಲ್ಲರ್, ಎನ್‌ಜಿಸಿ 1068ರ ಮುಚ್ಚಿದ ಕೇಂದ್ರದ ಬೆಳಕನ್ನು ಚದುರಿದ ಧ್ರುವೀಕೃತ ರೂಪದಲ್ಲಿ ಪತ್ತೆಹಚ್ಚಿದಾಗ ಈ ಚಿತ್ರ ಬಲಗೊಂಡಿತ್ತು. ಅದೇ ಗೆಲಾಕ್ಸಿಯನ್ನು 2014ರ ಆಗಸ್ಟ್‌ನಲ್ಲಿ ನೋಡಿದ ನುಸ್ಟಾರ್ ಉಪಗ್ರಹಕ್ಕೆ, 20 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮೀರಿದ ಕಿರಣಗಳು 2012ಕ್ಕಿಂತ ಹೆಚ್ಚಾಗಿ ಕಂಡವು. ಮುಸುಕು ಕ್ಷಣಕಾಲ ಸರಿದಿತ್ತು ಎಂಬುದು ವಿಜ್ಞಾನಿಗಳ ವಿವರಣೆ. ಹಾಗಾದರೆ ಉಂಗುರ ಗೋಡೆಯಲ್ಲ, ಚಲಿಸುವ ಮೋಡಗಳ ಹಿಂಡು.

ಈ ಮುಸುಕಿನ ಬಗೆಗೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? 1962ರಲ್ಲಿ ರಿಕಾರ್ಡೊ ಜಿಯಾಕೋನಿ ತಂಡದ ರಾಕೆಟ್ ಪ್ರಯೋಗ ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಕ್ಷ-ಕಿರಣದ ಹಿನ್ನೆಲೆ ಹೊಳಪನ್ನು ಗುರುತಿಸಿತು. ಜಿಯಾಕೋನಿ 2002ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. ಆ ಹೊಳಪು ಸುಮಾರು 30 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಿ ಗರಿಷ್ಠ. ಮುಚ್ಚಿಲ್ಲದ ಕಪ್ಪುಕುಳಿಗಳನ್ನಷ್ಟೇ ಕೂಡಿದರೆ ಈ ಲೆಕ್ಕ ತಾಳೆಯಾಗದು. ಮುಸುಕಿನೊಳಗೆ ಬೆಳೆಯುತ್ತಿರುವವನ್ನೂ ಸೇರಿಸಲೇಬೇಕು. ಅತಿ ದಟ್ಟ ಅನಿಲದ ಹಿಂದಿರುವವು ಎಷ್ಟು ಎಂಬ ಬಗ್ಗೆ ಖಗೋಳಜ್ಞರಲ್ಲಿ ಒಮ್ಮತವಿಲ್ಲ.

2015ರ ಸೆಪ್ಟೆಂಬರ್ 28ರಂದು ಇಸ್ರೋ ಉಡಾಯಿಸಿದ ಆಸ್ಟ್ರೋಸ್ಯಾಟ್‌ನಲ್ಲಿ ಕಡಿಮೆ ಶಕ್ತಿಯ ಹಾಗೂ ಹೆಚ್ಚು ಶಕ್ತಿಯ ಕ್ಷ-ಕಿರಣಗಳನ್ನು ಏಕಕಾಲದಲ್ಲಿ ಅಳೆಯಬಲ್ಲ ಉಪಕರಣಗಳನ್ನು ಅಳವಡಿಸಲಾಗಿತ್ತು. ಅದರ ಮಾಹಿತಿಯ ಸಂಗ್ರಹಾಗಾರ ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿದೆ.