ಗಿಡ ನೆಟ್ಟೆವು, ಮಣ್ಣು ಮರೆತೆವು

ಎರಡು ವರ್ಷದ ಹಿಂದಿನ ಜುಲೈ. ನಮ್ಮ ಕಾಲೇಜಿನ ಎನ್‌ಎಸ್‌ಎಸ್‌ ತಂಡ ಸಂಡೂರು ತಾಲ್ಲೂಕಿನ ಒಂದು ಗಣಿಯ ಹಳೆ ಡಂಪ್‌ ಹತ್ತಿತ್ತು. ತಲೆಗೆ ಐದು ಸಸಿ. ಬ್ಯಾನರ್‌, ಭಾಷಣ, ಗ್ರೂಪ್‌ ಫೋಟೊ, ಕೊನೆಗೆ ಉಪ್ಪಿಟ್ಟು. ಸಸಿ ಹಿಡಿದು ನಿಂತ ನನ್ನ ಫೋಟೊ ಬಹಳ ದಿನ ವಾಟ್ಸ್‌ಆ್ಯಪ್‌ ಡಿಪಿಯಾಗಿತ್ತು.

ಮುಂದಿನ ಏಪ್ರಿಲ್‌ನಲ್ಲಿ ಬಿ.ಎಸ್ಸಿ ಪ್ರಾಜೆಕ್ಟ್‌ಗೆಂದು ಅದೇ ಜಾಗಕ್ಕೆ ಹೋದೆ. ನಾನು ನೆಟ್ಟ ಐದೂ ಸಸಿ ಒಣಗಿ ಕಡ್ಡಿಯಾಗಿದ್ದವು. ಒಂದನ್ನು ಎಳೆದೆ. ಸಲೀಸಾಗಿ ಕೈಗೆ ಬಂತು. ಬೇರು ಇನ್ನೂ ನರ್ಸರಿಯ ಪ್ಲಾಸ್ಟಿಕ್‌ ಚೀಲದ ಆಕಾರದಲ್ಲೇ ಇತ್ತು. ಒಂಬತ್ತು ತಿಂಗಳಲ್ಲಿ ಅದು ಚೀಲದ ಮಣ್ಣು ಬಿಟ್ಟು ಒಂದಿಂಚೂ ಆಚೆ ಹೋಗಿರಲಿಲ್ಲ.

ಅಲ್ಲೇ ಕೂಲಿಗೆ ಬಂದಿದ್ದ ದೊಡ್ಡಮ್ಮ ಒಬ್ಬರು ನನ್ನ ಮುಖ ನೋಡಿ ನಕ್ಕರು. ‘ನೀವು ನೆಟ್ಟಿದ್ದು ಕಲ್ಲಿನಾಗವ್ವಾ, ಮಣ್ಣಿನಾಗಲ್ಲ. ಮೊದಲು ಹುಲ್ಲು ಬರಬೇಕು, ಆಮೇಲೆ ಗಿಡ.’

ಮೂರು ವರ್ಷ ಸಸ್ಯಶಾಸ್ತ್ರ ಓದಿದವಳಿಗೆ ಇದು ಹೊಳೆದಿರಲಿಲ್ಲ! ಅದಿರು ತೆಗೆಯಲು ಮೊದಲು ಮೇಲ್ಮಣ್ಣು ಹೋಗುತ್ತದೆ, ಆಮೇಲೆ ಬೇಡದ ಕಲ್ಲು. ಆ ಕಲ್ಲಿನ ರಾಶಿಯೇ ಡಂಪ್‌. ನೋಡಲು ಕೆಂಪು ಮಣ್ಣಿನ ಗುಡ್ಡ. ಆದರೆ ಅದರಲ್ಲಿ ಕೊಳೆತ ಎಲೆಯಿಲ್ಲ, ಎರೆಹುಳುವಿಲ್ಲ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಬಿದ್ದ ಮಳೆ ಇಂಗದೆ ಜಾರಿ ಹೋಗುತ್ತದೆ. ಬೇಸಿಗೆಯಲ್ಲಿ ಕಲ್ಲು ಕಾದು ಎಳೆ ಬೇರನ್ನು ಸುಡುತ್ತದೆ.

ದೊಡ್ಡಮ್ಮ ನನ್ನನ್ನು ಗುಡ್ಡದ ಇನ್ನೊಂದು ಮಗ್ಗುಲಿಗೆ ಕರೆದೊಯ್ದರು. ಅಲ್ಲಿ ಕಡಿದಾದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಬುಡದಲ್ಲಿ ಕಲ್ಲಿನ ತಡೆಗೋಡೆ, ನೀರು ಕೊರೆದ ಕೊರಕಲುಗಳಿಗೆ ಸಣ್ಣ ಸಣ್ಣ ಒಡ್ಡು. ಇಳಿಜಾರಿನ ಮೇಲೆ ತೆಂಗಿನ ನಾರಿನ ಬಲೆ ಹಾಸಿ, ಅದರ ಕೆಳಗೆ ಮೇಲ್ಮಣ್ಣು, ಸಗಣಿ ಗೊಬ್ಬರ ಹರಡಿ, ಮುಂಗಾರಿಗೆ ಮುಂಚೆ ಹುಲ್ಲಿನ ಬೀಜ, ಹುರುಳಿ, ಸಣಬು ಚೆಲ್ಲಿದ್ದರಂತೆ. ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ. ಹುರುಳಿ, ಸಣಬಿನ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಒಂದೆರಡು ಮಳೆಗಾಲ ಕಳೆದ ಮೇಲೆ ಗೊಬ್ಬರದ ಗಿಡ, ಬಂದರಿಕೆ, ಹೊಂಗೆ. ಕೊನೆಗೆ ಕಮರದಂಥ ಈ ಸೀಮೆಯದೇ ಮರಗಳು. ಇದು ವರ್ಷಗಟ್ಟಲೆ ಹಿಡಿಯುವ ಕೆಲಸ. ನಾವು ಒಂದು ಬೆಳಿಗ್ಗೆಯಲ್ಲಿ ಮುಗಿಸಿದ್ದೆವು.

ಇದೇನೂ ಹೊಸ ವಿಚಾರವಲ್ಲ. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಗಣಿ ಭೂಮಿಯ ಪುನಶ್ಚೇತನಕ್ಕೆ ಬಳಸಬೇಕೆಂದು ಗಣಿ ನಿಯಮಗಳೇ ಹೇಳುತ್ತವೆ. ಹೆಚ್ಚು ಕಾಲ ರಾಶಿ ಹಾಕಿಟ್ಟರೆ ಅದರೊಳಗಿನ ಜೀವಾಣುಗಳು ಸಾಯುತ್ತವೆ, ಹಾಗಾಗಿ ಬೇಗ ಹರಡಿದಷ್ಟೂ ಒಳ್ಳೆಯದು. 2011ರಲ್ಲಿ ಸುಪ್ರೀಂ ಕೋರ್ಟ್‌ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಬೇಕಾದರೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಇರಲೇಬೇಕೆಂಬ ಷರತ್ತು ಬಂತು. 2020ರ ಜನವರಿಯಲ್ಲಿ ಅದೇ ಕೋರ್ಟ್‌, ಗಣಿಗಾರಿಕೆ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು, ಗಿಡ, ಪ್ರಾಣಿಗಳಿಗೆ ಯೋಗ್ಯವಾಗುವಂತೆ ಮಾಡಬೇಕು ಎಂದಿತು. ಗಮನಿಸಿ, ಕೋರ್ಟ್‌ ಕೂಡ ಹುಲ್ಲಿನ ಮಾತನ್ನೇ ಆಡಿತು!

ನಾನು ಗಣಿಯ ವಿರೋಧಿಯಲ್ಲ. ಅಪ್ಪ ಅದಿರಿನ ಲಾರಿ ಓಡಿಸಿದ ದುಡ್ಡಲ್ಲೇ ನಾನು ಶಾಲೆ ಸೇರಿದ್ದು. 2011ರಲ್ಲಿ ಲಾರಿ ನಿಂತಾಗ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟವಾಗಿತ್ತು. ಆದರೆ ಅದೇ ಅಪ್ಪನ ಎರಡು ಎಕರೆ ಜೋಳದ ಹೊಲ ಒಂದು ಡಂಪ್‌ನ ಕೆಳಗಿದೆ. ಜೋರು ಮಳೆ ಬಂದರೆ ಹಳ್ಳ ಕೆಂಪಾಗಿ ಹರಿದು ಹೊಲದ ಮೇಲೆ ಹೂಳು ಕೂರುತ್ತದೆ. ‘ಲಾರಿ ನಿಂತ್ರ ಇನ್ನೊಂದು ಕೆಲಸ ಹುಡುಕಬಹುದು. ಹೊಲ ಹೋದ್ರ ಎಲ್ಲಿ ಹುಡುಕೋದು?’ ಎನ್ನುತ್ತಾರೆ ಅಪ್ಪ. ಮೇಲಿನ ಇಳಿಜಾರಿನಲ್ಲಿ ಹುಲ್ಲು ಹಿಡಿದರೆ ಮಾತ್ರ ಕೆಳಗಿನ ಹೊಲ ಉಳಿಯುತ್ತದೆ.

ಗಣಿ ಕೆಲಸ ಎಂದರೆ ಲಾರಿ, ಜೆಸಿಬಿ ಅಷ್ಟೇ ಎಂದುಕೊಂಡಿದ್ದೆ. ಆದರೆ ಮಣ್ಣು ಪರೀಕ್ಷೆ ಮಾಡುವವರು, ಸ್ಥಳೀಯ ಗಿಡಗಳ ನರ್ಸರಿ ನಡೆಸುವವರು, ನೀರಿನ ಹರಿವು ಲೆಕ್ಕ ಹಾಕುವವರು, ವರ್ಷದ ನಂತರ ಹೋಗಿ ಎಷ್ಟು ಉಳಿದಿದೆ ಎಂದು ಎಣಿಸುವವರು ಎಲ್ಲರೂ ಈ ಕೆಲಸಕ್ಕೆ ಬೇಕು. ಬಾಟನಿ, ಕೃಷಿ, ಸಿವಿಲ್‌ ಓದುತ್ತಿರುವ ಗೆಳೆಯರೇ, ಇದೂ ನಮ್ಮದೇ ಕೆಲಸ. ಇನ್ನು ಕಾಲೇಜಿನ ವನಮಹೋತ್ಸವಕ್ಕೆ ಹೋಗುವವರು ಎಷ್ಟು ಸಸಿ ಎಂದು ಕೇಳುವ ಮೊದಲು ಒಂದು ಬಾಟಲಿ ನೀರು ಸುರಿದು ನೋಡಿ. ಇಂಗಿದರೆ ಗುಂಡಿ ತೋಡಿ. ಜಾರಿ ಹೋದರೆ ಮೊದಲು ಮಣ್ಣಿನ ಕೆಲಸ ಮಾಡಿ.

ಹೊರಡುವ ಮೊದಲು ದೊಡ್ಡಮ್ಮ ಹುಲ್ಲಿನ ಬುಡವನ್ನು ಕುಡುಗೋಲಿನ ತುದಿಯಿಂದ ಕೆದಕಿ ತೋರಿಸಿದರು. ಕೆಂಪು ಕಲ್ಲಿನ ಮೇಲೆ ಉಗುರಿನಷ್ಟು ದಪ್ಪದ ಕಪ್ಪು ಪದರ. ಮೂಗಿಗೆ ಹಿಡಿದರೆ ಮೊದಲ ಮಳೆಯ ವಾಸನೆ. ‘ಇದಕ್ಕ ಆರು ವರ್ಷ ಹಿಡೀತು’ ಎಂದರು.

ಸಸಿಯ ಫೋಟೊ ತೆಗೆದಿದ್ದೇನೆ. ಈಗ ನನ್ನ ಡಿಪಿಯಲ್ಲಿರುವುದು ಆ ಹಿಡಿ ಮಣ್ಣು.